ಮಳೆ ರಜೆ, ಕಾಫಿ ಕುಯ್ಲು, ಹತ್ತು ಭಾಷೆ: ಕೊಡಗಿನ ತರಗತಿಗೆ ಆನ್‌ಲೈನ್ ಹಾಳೆ ಒಗ್ಗುವುದು ಹೇಗೆ?

ಕೊಡಗಿನಲ್ಲಿ ಶಾಲೆ ಬಾಗಿಲು ತೆರೆಯುವುದೂ ಮುಂಗಾರು ಕಾಲಿಡುವುದೂ ಹೆಚ್ಚುಕಡಿಮೆ ಒಟ್ಟಿಗೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ ರಜೆಗಳು ಬರುತ್ತಲೇ ಇರುತ್ತವೆ. ರಜೆಯಿಲ್ಲದ ದಿನವೂ ತೋಡು (ಹಳ್ಳ) ದಾಟಿ ಬರಬೇಕಾದ, ಆನೆ ಓಡಾಡುವ ತೋಟದ ದಾರಿ ಹಿಡಿಯಬೇಕಾದ ಮಕ್ಕಳ ಬೆಂಚು ಖಾಲಿ. ಮಳೆ ಇಳಿದು ಪಾಠ ಒಂದು ಹದಕ್ಕೆ ಬಂತು ಎನ್ನುವಷ್ಟರಲ್ಲಿ ಕಾಫಿ ಕುಯ್ಲು ಶುರು. ನವೆಂಬರ್ ಹೊತ್ತಿಗೆ ಅರೇಬಿಕಾ, ಹೊಸ ವರ್ಷದ ಹೊತ್ತಿಗೆ ರೊಬಸ್ಟಾ. ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆಯ) ಮಕ್ಕಳಲ್ಲಿ, ಹಾಡಿಯ (ಬುಡಕಟ್ಟು ಜನರ ಕೇರಿಯ) ಮಕ್ಕಳಲ್ಲಿ ಕೆಲವರು ತಮ್ಮ-ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿಯುತ್ತಾರೆ, ಕೆಲವರು ಅಪ್ಪ ಅಮ್ಮನ ಜತೆ ಬೇರೆ ತೋಟಕ್ಕೆ ಹೋಗಿಬಿಡುತ್ತಾರೆ. ಅವರು ಮರಳುವಾಗ ವಾರ್ಷಿಕ ಪರೀಕ್ಷೆ ಹತ್ತಿರ ಬಂದಿರುತ್ತದೆ.

ಇದರ ಮೇಲೆ ಭಾಷೆ. ಒಂದೇ ಕೋಣೆಯಲ್ಲಿ ಮನೆಮಾತು ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ, ತಮಿಳು, ಯರವ, ಜೇನುಕುರುಬ, ಬ್ಯಾರಿ ಆಗಿರುವ ಮಕ್ಕಳು ಕೂತಿರುತ್ತಾರೆ. ಈಚಿನ ವರ್ಷಗಳಲ್ಲಿ ಅಸ್ಸಾಂ, ಜಾರ್ಖಂಡ್ ಕಡೆಯಿಂದ ತೋಟದ ಕೆಲಸಕ್ಕೆ ಬಂದವರ ಮಕ್ಕಳೂ ಸೇರಿದ್ದಾರೆ. ಓದಲು ತಡವರಿಸುವ ಮಗು, ದೃಷ್ಟಿ ಮಂದವಿರುವ ಮಗು, ಕಿವಿ ಸರಿಯಾಗಿ ಕೇಳದ ಮಗು ಎಲ್ಲ ಊರಿನಂತೆ ಇಲ್ಲೂ ಇವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿ, ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಅದರಲ್ಲಿ ಸೇರಿಸಿತು. ಇಂಥ ಮಕ್ಕಳನ್ನು ಬೇರೆ ಕೂರಿಸದೆ ಉಳಿದವರ ಜತೆಯೇ ಕಲಿಸಬೇಕು ಎಂಬುದು ಈಗ ಕಾನೂನಿನ ಮಾತು.

ಗೂಗಲ್ ಡಾಕ್ಸ್ (ಬರಹದ ಹಾಳೆ), ಸ್ಲೈಡ್ಸ್ (ಚಿತ್ರ-ಬರಹದ ಪುಟಗಳು), ಶೀಟ್ಸ್ (ಅಂಕಿ ಲೆಕ್ಕದ ಹಾಳೆ), ಪ್ಯಾಡ್ಲೆಟ್‌ನಂಥ (ಚೀಟಿ ಅಂಟಿಸುವ ಬೋರ್ಡು) ಸಹಯೋಗದ ಆನ್‌ಲೈನ್ ಸಾಧನಗಳ ಬಗ್ಗೆ ಶಿಕ್ಷಕರ ತರಬೇತಿಗಳಲ್ಲಿ ಸಾಕಷ್ಟು ಮಾತು ನಡೆಯುತ್ತದೆ. ಆದರೆ ಆ ಮಾತು ಬಹುಪಾಲು ‘ಎಲ್ಲರೂ ಒಂದೇ ಹೊತ್ತಿಗೆ ಒಂದೇ ಪರದೆಯಲ್ಲಿ ಬರೆಯಬಹುದು’ ಎಂಬ ಸೌಕರ್ಯದ ಸುತ್ತಲೇ ತಿರುಗುತ್ತದೆ. ಕೊಡಗಿಗೆ ಬೇಕಾದ ಗುಣ ಬೇರೆ. ಇವತ್ತು ಬಾರದ ಮಗುವಿನ ಜಾಗ ಹಾಳೆಯಲ್ಲಿ ಹಾಗೇ ಕಾದಿರುತ್ತದೆ. ಬರೆಯಲಾರದ ಮಗು ಅದೇ ಜಾಗದಲ್ಲಿ ದನಿ ಇಡಬಹುದು, ಫೋಟೊ ಇಡಬಹುದು. ಈ ಎರಡನ್ನು ನೋಡಿ ಸಾಧನ ಆರಿಸಿದರೆ ಕೆಲಸಕ್ಕೆ ಬರುತ್ತದೆ, ಇಲ್ಲವಾದರೆ ಚುರುಕಾದ ನಾಲ್ಕು ಮಕ್ಕಳ ಆಟವಾಗಿ ಉಳಿಯುತ್ತದೆ.

ಖಾಲಿ ಹಾಳೆ ಕೊಟ್ಟರೆ ಏನಾಗುತ್ತದೆ

ಮೂವತ್ತು ಮಕ್ಕಳಿಗೆ ಒಂದು ಖಾಲಿ ಡಾಕ್ಯುಮೆಂಟ್‌ನ ಲಿಂಕ್ ಕೊಟ್ಟು ‘ಬರೆಯಿರಿ’ ಎಂದರೆ ಮೊದಲ ಐದು ನಿಮಿಷದಲ್ಲಿ ಟೈಪಿಂಗ್ ಬಲ್ಲವರು ಇಡೀ ಪುಟ ತುಂಬಿಸುತ್ತಾರೆ. ಯಾರದೋ ಸಾಲು ಯಾರದೋ ಕೈಯಲ್ಲಿ ಅಳಿಯುತ್ತದೆ. ನಿಧಾನಕ್ಕೆ ಅಕ್ಷರ ಕೂಡಿಸುವ ಮಗು ತನ್ನ ವಾಕ್ಯ ಮುಗಿಸುವ ಹೊತ್ತಿಗೆ ಆ ಉತ್ತರ ಆಗಲೇ ಮೇಲೆ ಬಂದಿರುತ್ತದೆ. ಆ ಮಗು ಅಳಿಸಿ ಸುಮ್ಮನಾಗುತ್ತದೆ. ಇದನ್ನು ನೋಡಿದ ಶಿಕ್ಷಕರು ಸಾಧನವನ್ನೇ ದೂರುತ್ತಾರೆ. ದೋಷವಿರುವುದು ಹಾಳೆ ಹಾಕಿದ ರೀತಿಯಲ್ಲಿ.

ಪರಿಹಾರ ಸರಳ. ಪ್ರತಿ ಮಗುವಿಗೆ, ಇಲ್ಲವೇ ಪ್ರತಿ ಜೋಡಿಗೆ, ತನ್ನದೇ ಆದ ಜಾಗ ಮೊದಲೇ ಕೊರೆದಿರಬೇಕು. ಸ್ಲೈಡ್ಸ್ ಆದರೆ ಒಂದು ಮಗುವಿಗೆ ಒಂದು ಸ್ಲೈಡ್. ಡಾಕ್ಸ್ ಆದರೆ ಹೆಸರೋ ಕ್ರಮಸಂಖ್ಯೆಯೋ ಇರುವ ಒಂದು ತಲೆಬರಹ, ಅದರ ಕೆಳಗೆ ಜಾಗ. ಆ ಜಾಗದಲ್ಲಿ ಮೊದಲೇ ಅರ್ಧ ವಾಕ್ಯ ಬರೆದಿಟ್ಟರೆ (‘ನಮ್ಮ ಮನೆ ಹತ್ತಿರದ ತೋಡಿನ ನೀರು ... ಬಣ್ಣ ಇತ್ತು, ಏಕೆಂದರೆ ...’) ಬರೆಯಲು ಹೆದರುವ ಮಗುವಿಗೆ ಕೈ ಹಿಡಿದಂತೆ. ಇನ್ನೊಂದು ಮಗು ಆ ಅರ್ಧ ವಾಕ್ಯ ಅಳಿಸಿ ತನ್ನದನ್ನು ಬರೆದರೆ ಬರೆಯಲಿ.

ಗುಂಪು ಮಾಡುವಾಗ ಒಂದು ಉಪಕರಣಕ್ಕೆ ಮೂರು ಮಕ್ಕಳು, ಹೆಚ್ಚೆಂದರೆ ನಾಲ್ಕು. ಐದಾದರೆ ಇಬ್ಬರು ಬರೀ ನೋಡುತ್ತಾರೆ. ಯಾರು ಟೈಪ್ ಮಾಡುವುದು, ಯಾರು ಮಾತಾಡುವುದು, ಯಾರು ಫೋಟೊ ತೆಗೆಯುವುದು ಎಂಬ ಪಾತ್ರಗಳು ಪಾಠದಿಂದ ಪಾಠಕ್ಕೆ ತಿರುಗಬೇಕು. ಇಲ್ಲದಿದ್ದರೆ ಟೈಪಿಂಗ್ ಬಲ್ಲ ಮಗು ವರ್ಷವಿಡೀ ಟೈಪಿಸ್ಟ್, ಹಾಡಿಯ ಮಗು ವರ್ಷವಿಡೀ ಚಿತ್ರಗಾರ ಆಗಿಬಿಡುತ್ತಾರೆ. ಇದು ಬಹಳ ಕಡೆ ಆಗುತ್ತಿರುವ ತಪ್ಪು, ಮತ್ತು ಗುಂಪಿನ ಕೆಲಸ ಚೆನ್ನಾಗಿಯೇ ಕಾಣುವುದರಿಂದ ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ.

ಕರ್ನಾಟಕದ ಶಿಕ್ಷಕರಿಗೆ ಈ ಯೋಚನೆ ಹೊಸದೇನಲ್ಲ. ನೆರೆಯ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾದ, ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ಕ್ರಮ ಇದೇ ಬುನಾದಿಯ ಮೇಲೆ ನಿಂತಿದೆ. ಕಲಿಕೆಯ ಏಣಿಯ ಬೇರೆ ಬೇರೆ ಮೆಟ್ಟಿಲಲ್ಲಿರುವ ಮಕ್ಕಳು ಒಂದೇ ಕೋಣೆಯಲ್ಲಿ, ಕೆಲವರು ಶಿಕ್ಷಕರ ನೆರವಿನಿಂದ, ಕೆಲವರು ಗೆಳೆಯರ ನೆರವಿನಿಂದ, ಕೆಲವರು ತಾವೇ ಕಲಿಯುತ್ತಾರೆ. ಒಂದು ವಾರ ಬಾರದ ಮಗು ತಾನು ಬಿಟ್ಟ ಕಾರ್ಡಿನಿಂದಲೇ ಮುಂದುವರಿಯುತ್ತದೆ. ಮೂರನೇ ತರಗತಿ ದಾಟಿದ ಮೇಲೆ ಈ ಸೌಲಭ್ಯ ನಿಂತುಹೋಗಿ ಎಲ್ಲರೂ ಒಂದೇ ಪುಟದಲ್ಲಿರಬೇಕಾಗುತ್ತದೆ. ಹಂಚಿಕೆಯ ಹಾಳೆಯನ್ನು ಸರಿಯಾಗಿ ಬಳಸಿದರೆ ನಾಲ್ಕರಿಂದ ಹತ್ತನೇ ತರಗತಿಯವರೆಗೂ ಆ ಗುಣವನ್ನು ಉಳಿಸಿಕೊಳ್ಳಬಹುದು.

ಒಂದು ಮಳೆ ಲೆಕ್ಕದ ಶೀಟ್

ಕೊಡಗಿಗೆ ಇದಕ್ಕಿಂತ ಒಪ್ಪುವ ಚಟುವಟಿಕೆ ಸಿಗುವುದು ಕಷ್ಟ. ಜಿಲ್ಲೆಯ ಪಶ್ಚಿಮದ ಭಾಗಮಂಡಲದ ಕಡೆ ಸುರಿಯುವ ಮಳೆ ಪೂರ್ವದ ಕುಶಾಲನಗರ, ಶಿರಂಗಾಲದ ಕಡೆಗಿಂತ ಹಲವು ಪಟ್ಟು ಹೆಚ್ಚು. ಎರಡೂ ಕಡೆಯ ಎರಡು ಶಾಲೆಗಳು ಒಂದೇ ಶೀಟ್ ತೆರೆದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಿನದ ಮಳೆ ದಾಖಲಿಸಿದರೆ ಭೂಗೋಳ, ಗಣಿತ, ವಿಜ್ಞಾನ ಮೂರೂ ಅದರಲ್ಲೇ ಬರುತ್ತವೆ. ಒಂದೇ ಶಾಲೆ ತನ್ನ ಪಾಡಿಗೆ ಮಾಡಿದರೆ ಈ ಹೋಲಿಕೆ ಸಿಗುವುದಿಲ್ಲ. ಹಾಳೆ ಆನ್‌ಲೈನ್‌ನಲ್ಲಿರುವುದಕ್ಕೆ ನಿಜವಾದ ಕಾರಣ ಇರುವುದು ಇಲ್ಲೇ.

ಅಳತೆ ಎರಡು ಕಡೆಯಿಂದ ಬರಬಹುದು. ಒಂದು, ಶಾಲೆಯ ಅಂಗಳದ ಮಳೆಮಾಪಕ. ಬದಿ ನೇರವಾಗಿರುವ ಬಾಟಲಿಯ ಕತ್ತು ಕತ್ತರಿಸಿ ತಲೆಕೆಳಗಾಗಿ ಆಲಿಕೆಯಂತೆ ಇಟ್ಟು, ಹೊರಗೆ ಮಿಲಿಮೀಟರ್ ಪಟ್ಟಿ ಅಂಟಿಸಬೇಕು. ಬಾಟಲಿಯ ತಳ ಉಬ್ಬುತಗ್ಗಾಗಿರುವುದರಿಂದ ಸೊನ್ನೆಯ ಗೆರೆವರೆಗೆ ಮೊದಲೇ ನೀರು ತುಂಬಿಡಬೇಕು, ಪ್ರತಿ ಸಲ ಚೆಲ್ಲಿದ ಮೇಲೂ ಹಾಗೇ ತುಂಬಬೇಕು. ಮರದಿಂದಲೂ ಮಾಡಿನಿಂದಲೂ ದೂರವಿರಲಿ. ಪಶ್ಚಿಮ ಕೊಡಗಿನಲ್ಲಿ ಒಂದೇ ದಿನ 200 ಮಿ.ಮೀ. ದಾಟುವುದುಂಟು. ಗೆರೆ 150ಕ್ಕೆ ಮುಗಿಯುವ ಬಾಟಲಿ ರಾತ್ರಿಯೇ ತುಂಬಿ ಹರಿದು ಲೆಕ್ಕ ಕೆಡುತ್ತದೆ. ಆದ್ದರಿಂದ ಜೋರು ಮಳೆಯ ದಿನಗಳಲ್ಲಿ ಸಂಜೆಯೂ ಒಮ್ಮೆ ಓದಿ, ಚೆಲ್ಲಿ, ಎರಡನ್ನೂ ಕೂಡಬೇಕು.

ಇನ್ನೊಂದು ಮೂಲ ತೋಟಗಳ ಮಳೆ ಪುಸ್ತಕ. ಕೊಡಗಿನ ಕಾಫಿ ತೋಟಗಳಲ್ಲಿ ಮಳೆಯನ್ನು ಇಂಚು, ಸೆಂಟ್ ಲೆಕ್ಕದಲ್ಲಿ ಬರೆದಿಡುವ ಹಳೆಯ ರೂಢಿಯಿದೆ. ನೂರು ಸೆಂಟಿಗೆ ಒಂದು ಇಂಚು. ಬೆಳೆಗಾರರ ಮನೆಯ ಮಗು, ಲೈನ್ ಮನೆಯ ಮಗು ಇಬ್ಬರೂ ತೋಟದ ಲೆಕ್ಕ ಬರೆಯುವ ರೈಟರನ್ನು ಕೇಳಿ ಈ ಅಂಕಿ ತರಬಲ್ಲರು. ಓದಿನಲ್ಲಿ ಹಿಂದೆಂದು ಹೆಸರು ಪಡೆದ ಮಗು ತಂದ ಅಂಕಿಗಾಗಿ ಇಡೀ ತರಗತಿ ಕಾಯುವಂತಾದರೆ ಆ ಮಗುವಿನ ಸ್ಥಾನವೇ ಬದಲಾಗುತ್ತದೆ.

ಶೀಟ್ ಹಾಕುವಾಗ ನಾಲ್ಕು ಕಡೆ ಎಡವುವುದುಂಟು. ಮೊದಲನೆಯದು ದಶಮಾಂಶ. ‘2 ಇಂಚು 5 ಸೆಂಟ್’ ಎಂಬುದನ್ನು ಮಕ್ಕಳು 2.5 ಎಂದು ಬರೆಯುತ್ತಾರೆ. ಸರಿಯಾದದ್ದು 2.05. ಮೊದಲಿನದು 63.5 ಮಿ.ಮೀ., ಎರಡನೆಯದು 52.07 ಮಿ.ಮೀ. ಇಂಚಿಗೆ ಒಂದು ಕಾಲಂ, ಸೆಂಟಿಗೆ ಇನ್ನೊಂದು ಕಾಲಂ ಕೊಟ್ಟು, ಮೂರನೆಯದರಲ್ಲಿ ಸೆಂಟನ್ನು 100ರಿಂದ ಭಾಗಿಸಿ ಇಂಚಿಗೆ ಕೂಡಿ 25.4ರಿಂದ ಗುಣಿಸುವ ಸೂತ್ರ ಇಟ್ಟರೆ ತಪ್ಪು ನಡೆಯುವುದಿಲ್ಲ. ಆದರೆ ಏಳನೇ ತರಗತಿಗೆ ಮೊದಲ ವಾರ ಈ ರಕ್ಷಣೆ ಕೊಡದಿರುವುದೇ ಒಳ್ಳೆಯದು. ಒಬ್ಬರು ಬರೆದ 2.5 ಅನ್ನು ಪಕ್ಕದ ತೋಟದ 2.05ರ ಜತೆ ಇಟ್ಟು ನೋಡಿ ಇನ್ನೊಂದು ಮಗು ಕಾಮೆಂಟ್‌ನಲ್ಲಿ ‘ಇದು ಹೇಗೆ?’ ಎಂದು ಕೇಳಿದಾಗ ದಶಮಾಂಶದ ಸ್ಥಾನಬೆಲೆ ಚೆನ್ನಾಗಿ ತಲೆಗೆ ಹತ್ತುತ್ತದೆ.

ಎರಡನೆಯದು ತಾರೀಖು. ಶೀಟ್‌ನ ಸೆಟ್ಟಿಂಗ್ಸ್‌ನಲ್ಲಿ ಲೊಕೇಲ್ (ದೇಶದ ಆಯ್ಕೆ) ಅಮೆರಿಕ ಎಂದಿದ್ದರೆ 3/7 ಎಂದು ಬರೆದದ್ದು ಜುಲೈ 3 ಆಗುವ ಬದಲು ಮಾರ್ಚ್ 7 ಆಗುತ್ತದೆ, ಗ್ರಾಫ್ ಚೆಲ್ಲಾಪಿಲ್ಲಿಯಾಗುತ್ತದೆ. ಭಾರತ ಎಂದು ಮೊದಲೇ ಬದಲಿಸಿ. ಮೂರನೆಯದು ಅಂಕಿ. ಕನ್ನಡ ಅಂಕಿಗಳಲ್ಲಿ ಬರೆದರೆ ಶೀಟ್ ಅದನ್ನು ಅಕ್ಷರ ಎಂದು ತಿಳಿದು ಕೂಡುವುದಿಲ್ಲ. ಇಲ್ಲಿ 1, 2, 3 ಅಂಕಿಗಳೇ ಬೇಕು. ನಾಲ್ಕನೆಯದು ಹೊತ್ತು. ಹವಾಮಾನ ಇಲಾಖೆಯ ದಿನ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ, ಹಿಂದಿನ 24 ಗಂಟೆಯ ಮಳೆಯನ್ನು ಆಗ ದಾಖಲಿಸುತ್ತಾರೆ. ಎರಡು ಶಾಲೆಗಳು ಬೇರೆ ಬೇರೆ ಹೊತ್ತಿಗೆ ಅಳೆದರೆ ಹೋಲಿಸಿ ಪ್ರಯೋಜನವಿಲ್ಲ.

ಇದೇ ಶೀಟ್‌ಗೆ ಜೋಡಿಸಿದ ಸ್ಲೈಡ್‌ಗಳಲ್ಲಿ ಪ್ರತಿ ಮಗು ವಾರಕ್ಕೊಮ್ಮೆ ಒಂದು ಗಮನಿಕೆ ಇಡುತ್ತದೆ. ಬರೆಯಬಲ್ಲವರು ನಾಲ್ಕು ಸಾಲು ಬರೆಯುತ್ತಾರೆ. ಓದು ಕಷ್ಟವಿರುವ ಮಗು ಗ್ರಾಫ್ ತೋರಿಸಿ ಅರ್ಧ ನಿಮಿಷ ಮಾತಾಡಿ ರೆಕಾರ್ಡ್ ಮಾಡುತ್ತದೆ. ಹಾಡಿಯ ಮಗು ಮಳೆ ಬರುವ ಸೂಚನೆಯ ಬಗ್ಗೆ ಅಜ್ಜನ ಮಾತನ್ನು ದನಿಯಲ್ಲೇ ತರುತ್ತದೆ. ಅದನ್ನು ‘ಬುಡಕಟ್ಟು ಜ್ಞಾನ’ ಎಂಬ ಪ್ರತ್ಯೇಕ ಪುಟಕ್ಕೆ ತಳ್ಳದೆ ಉಳಿದ ಗಮನಿಕೆಗಳ ಸಾಲಿನಲ್ಲೇ ಇಟ್ಟು, ಆ ವಾರದ ಅಂಕಿಯ ಜತೆ ತಾಳೆ ನೋಡಬೇಕು. ವೇಗವಾಗಿ ಮುಗಿಸುವ ಮಗುವಿಗೆ ಎರಡು ಊರುಗಳ ಸರಾಸರಿ, ಅತಿ ಹೆಚ್ಚು ಮಳೆಯ ವಾರ ಹುಡುಕುವ ಕೆಲಸ. ಮೌಲ್ಯಮಾಪನದಲ್ಲಿ ನಾಲ್ಕೂ ರೂಪಗಳಿಗೆ ಒಂದೇ ಪ್ರಶ್ನೆ: ಅಂಕಿಯನ್ನು ಆಧಾರವಾಗಿಟ್ಟು ಏನಾದರೂ ಹೇಳಿದ್ದಾರೆಯೇ? ದನಿಯಲ್ಲಿ ಹೇಳಿದ್ದಕ್ಕೆ ಬರೆದದ್ದಕ್ಕಿಂತ ಕಡಿಮೆ ಅಂಕ ಕೊಟ್ಟರೆ ಮುಂದಿನ ವಾರ ಯಾರೂ ದನಿ ಇಡುವುದಿಲ್ಲ.

ಅಕ್ಷರ, ದನಿ, ಪರದೆ

ಕನ್ನಡ ಶಾಲೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಡುವ ತೊಡಕು ಫಾಂಟ್. ವರ್ಷಗಳಿಂದ ಕೂಡಿಟ್ಟ ಪ್ರಶ್ನೆಪತ್ರಿಕೆ, ಟಿಪ್ಪಣಿಗಳು ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಆಸ್ಕಿ ಅಕ್ಷರಗಳಲ್ಲಿರುತ್ತವೆ. ಅದನ್ನು ಡಾಕ್ಸ್‌ಗೆ ಅಂಟಿಸಿದರೆ ಅರ್ಥವಿಲ್ಲದ ರೋಮನ್ ಗುರುತುಗಳ ಸಾಲು ಬರುತ್ತದೆ. ಕಣ್ಣಿಗೆ ಸರಿಯಾಗಿ ಕಾಣುವಂತೆ ಪಿಡಿಎಫ್ ಮಾಡಿ ಹಾಕಿದರೂ ಪರದೆಯ ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ‘ಪರದೆ ಓದುಗ’ ತಂತ್ರಾಂಶಕ್ಕೆ ಅದು ಕನ್ನಡವಲ್ಲ. ದೃಷ್ಟಿ ಮಂದವಿರುವ ಮಗುವಿಗೂ ಗಟ್ಟಿಯಾಗಿ ಓದಿಸಿಕೊಂಡು ಕಲಿಯುವ ಮಗುವಿಗೂ ಆ ಪುಟ ಇದ್ದೂ ಇಲ್ಲದಂತೆ. ಹಂಚುವ ಮೊದಲು ಎಲ್ಲ ಉಪಕರಣಗಳೂ ಕನ್ನಡವೆಂದು ಗುರುತಿಸುವ ಯುನಿಕೋಡ್‌ಗೆ ಪರಿವರ್ತಿಸಲೇಬೇಕು. ಪರಿವರ್ತನೆಯಾದ ಮೇಲೆ ರ್ಕಾರ (ಅರ್ಕಾವತ್ತು) ಮತ್ತು ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ ನೋಡಬೇಕು, ತಪ್ಪು ಉಳಿಯುವುದು ಹೆಚ್ಚಾಗಿ ಅಲ್ಲೇ. ಮುದ್ರಿತ ಪುಟದ ಸ್ಕ್ಯಾನ್ ಇದ್ದರೆ ಗೂಗಲ್ ಡ್ರೈವ್‌ಗೆ ಹಾಕಿ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಪಠ್ಯ ಹೊರಬರುತ್ತದೆ, ಅಲ್ಲಿಯೂ ಒತ್ತಕ್ಷರಗಳ ತಿದ್ದುಪಡಿ ತಪ್ಪದು.

ಕನ್ನಡ ಓದಲು ತಡವರಿಸುವ ಮಕ್ಕಳಿಗೆ ಪ-ಷ, ವ-ಮ, ದ-ಧ, ಬ-ಭ ಇವು ಕಲೆಸಿಹೋಗುತ್ತವೆ. ಒತ್ತಕ್ಷರ ಕೆಳಗಿಳಿಯುವುದರಿಂದ ಸಾಲುಗಳು ಒತ್ತೊತ್ತಾಗಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗಿದಂತೆ ಕಾಣುತ್ತದೆ. ನೋಟೊ ಸಾನ್ಸ್ ಕನ್ನಡದಂಥ ಸ್ಪಷ್ಟ ಫಾಂಟ್, 16 ಪಾಯಿಂಟ್‌ಗೆ ಕಡಿಮೆಯಿಲ್ಲದ ಗಾತ್ರ, ಸಾಲುಗಳ ನಡುವೆ ಒಂದೂವರೆಗಿಂತ ಹೆಚ್ಚು ಅಂತರ, ಎಡಕ್ಕಷ್ಟೇ ಸರಿಹೊಂದಿಸಿದ ಪಠ್ಯ ಇದ್ದರೆ ಎಲ್ಲ ಮಕ್ಕಳಿಗೂ ಓದು ಹಗುರ. ಯಾರಿಗೂ ‘ವಿಶೇಷ’ ಪುಟ ಕೊಡಬೇಕಾಗಿಲ್ಲ.

ಕನ್ನಡ ಧ್ವನಿ ಟೈಪಿಂಗ್ ಈಗ ಜಿಬೋರ್ಡ್ ಕೀಲಿಮಣೆಯಲ್ಲೂ ಕ್ರೋಮ್‌ನಲ್ಲಿ ತೆರೆದ ಡಾಕ್ಸ್‌ನಲ್ಲೂ ಇದೆ. ಬರೆಯಲು ಕಷ್ಟಪಡುವ ಮಗುವಿಗೆ ಇದು ದೊಡ್ಡ ಬಿಡುಗಡೆ. ಆದರೆ ಇದಕ್ಕೆ ಸಾಮಾನ್ಯವಾಗಿ ನೆಟ್ ಬೇಕು, ಗ್ರಾಂಥಿಕಕ್ಕೆ ಹತ್ತಿರದ ಕನ್ನಡವನ್ನು ಚೆನ್ನಾಗಿ ಹಿಡಿಯುತ್ತದೆ, ಮನೆಮಾತಿನ ಧಾಟಿಯಲ್ಲಿ ಆಡಿದ ಕನ್ನಡವನ್ನು ತಪ್ಪಾಗಿ ಕೇಳಿಸಿಕೊಳ್ಳುತ್ತದೆ. ಯಂತ್ರ ತಪ್ಪು ಬರೆದಾಗ ಮಗು ತನ್ನ ಕನ್ನಡವೇ ಸರಿಯಿಲ್ಲ ಎಂದುಕೊಳ್ಳುವ ಅಪಾಯವಿದೆ, ಅದು ಯಂತ್ರದ ಮಿತಿ ಎಂದು ಮೊದಲ ದಿನವೇ ಹೇಳಿಬಿಡಬೇಕು. ಜುಲೈ ತಿಂಗಳಲ್ಲಿ ತಗಡಿನ ಮಾಡಿನ ಮೇಲೆ ಮಳೆ ಬೀಳುವ ಸದ್ದಿಗೆ ಯಾವ ಮೈಕೂ ನಿಲ್ಲುವುದಿಲ್ಲ. ತಂತಿಯ ಇಯರ್‌ಫೋನಿನ ಮೈಕನ್ನು ಬಾಯಿಯ ಹತ್ತಿರ ಹಿಡಿದು, ಚಿಕ್ಕ ಚಿಕ್ಕ ವಾಕ್ಯ ಹೇಳಿ, ಮಳೆ ಸ್ವಲ್ಪ ಬಿಟ್ಟಾಗ ರೆಕಾರ್ಡ್ ಮಾಡುವುದೊಂದೇ ದಾರಿ. ಪೂರ್ಣವಿರಾಮಗಳನ್ನು ಆಮೇಲೆ ಜೋಡಿಯ ಗೆಳೆಯರು ಹಾಕಲಿ, ಅದೂ ಒಂದು ಕಲಿಕೆ.

ಕಾಣದ ಅಥವಾ ಮಂದವಾಗಿ ಕಾಣುವ ಮಕ್ಕಳು ಆಂಡ್ರಾಯ್ಡ್ ಫೋನಿನಲ್ಲಿ ಟಾಕ್‌ಬ್ಯಾಕ್, ವಿಂಡೋಸ್ ಕಂಪ್ಯೂಟರಿನಲ್ಲಿ ಉಚಿತವಾಗಿ ಸಿಗುವ ಎನ್‌ವಿಡಿಎ ಎಂಬ ಪರದೆ ಓದುಗಗಳನ್ನು ಬಳಸಬಹುದು. ಎರಡರಲ್ಲೂ ಕನ್ನಡ ಓದಿಸಬಹುದು. ಫೋನಿಗೆ ಕನ್ನಡ ದನಿಯ ಕಡತವನ್ನು ಮೊದಲೇ ಇಳಿಸಿಟ್ಟರೆ ನೆಟ್ ಇಲ್ಲದೆಯೂ ಓದುತ್ತದೆ. ಆದರೆ ಹತ್ತು ಜನ ಒಟ್ಟಿಗೆ ಬರೆಯುತ್ತಿರುವ ಹಾಳೆಯಲ್ಲಿ ಪರದೆ ಓದುಗ ಬಳಸುವುದು ತಲೆಚಿಟ್ಟು ಹಿಡಿಸುವ ಕೆಲಸ. ಕೇಳುತ್ತಿರುವಾಗಲೇ ಸಾಲು ಬದಲಾಗುತ್ತದೆ, ಯಾರು ಬಂದರು ಯಾರು ಹೋದರು ಎಂದು ಅದು ನಡುನಡುವೆ ಹೇಳುತ್ತದೆ. ಆ ಮಗು ಮೊದಲು ತನ್ನದೇ ಪ್ರತಿಯಲ್ಲಿ ಬರೆದು, ಕೊನೆಗೆ ಹಂಚಿಕೆಯ ಹಾಳೆಗೆ ಸೇರಿಸುವ ವ್ಯವಸ್ಥೆ ಮಾಡಬೇಕು. ಅಗಲವಾದ ಟೇಬಲ್‌ಗಳಲ್ಲಿ ದಾರಿ ತಪ್ಪುತ್ತದೆ, ತಲೆಬರಹಗಳ ಸಾಲು ಸುಲಭ. ಚೀಟಿಗಳನ್ನು ಎಳೆದು ಜೋಡಿಸುವ ಬೋರ್ಡುಗಳು ಇಂಥ ಮಕ್ಕಳಿರುವ ತರಗತಿಗೆ ಒಗ್ಗುವುದಿಲ್ಲ. ಬಣ್ಣದಿಂದ ಮಾತ್ರ ಸರಿ-ತಪ್ಪು ತೋರಿಸುವ ಅಭ್ಯಾಸವನ್ನೂ ಬಿಡಬೇಕು, ಕೆಂಪು-ಹಸಿರು ಬೇರ್ಪಡಿಸಲಾಗದ ಮಕ್ಕಳು ಇರುತ್ತಾರೆ. ಕಿವಿ ಕೇಳದ ಮಗುವಿಗೆ ಲೈವ್ ಟ್ರಾನ್ಸ್‌ಕ್ರೈಬ್ ಆ್ಯಪ್ ಶಿಕ್ಷಕರ ಮಾತನ್ನು ಕನ್ನಡ ಅಕ್ಷರವಾಗಿಸಿ ತೋರಿಸುತ್ತದೆ. ಅದಕ್ಕಿಂತ ಹೆಚ್ಚು ನೆರವಾಗುವುದು ಗುಂಪಿನ ಚರ್ಚೆಯೇ ಲಿಖಿತವಾಗಿ ಹಾಳೆಯಲ್ಲಿ ನಡೆಯುವುದು.

ಮನೆಮಾತಿಗೆ ಜಾಗ

2020ರ ರಾಷ್ಟ್ರೀಯ ಶಿಕ್ಷಣ ನೀತಿ ಸಾಧ್ಯವಾದೆಡೆಯೆಲ್ಲ ಕನಿಷ್ಠ ಐದನೇ ತರಗತಿವರೆಗೆ ಮನೆಮಾತಿನಲ್ಲಿ ಕಲಿಕೆ ಇರಲಿ ಎನ್ನುತ್ತದೆ. ಕೊಡಗಿನ ಒಂದು ಕೋಣೆಗೆ ಅದನ್ನು ಅಕ್ಷರಶಃ ಅನ್ವಯಿಸಲು ಆಗದು. ಮನೆಮಾತಿನಲ್ಲಿ ಯೋಚಿಸಿ, ಮನೆಮಾತಿನಲ್ಲೇ ಮೊದಲು ಹೇಳಿ, ಆಮೇಲೆ ಕನ್ನಡಕ್ಕೆ ಬರುವ ಅವಕಾಶವನ್ನಾದರೂ ಕೊಡಬಹುದು. ಹಾಳೆಯಲ್ಲಿ ಮಗುವಿನ ಜಾಗವನ್ನು ಎರಡು ಭಾಗ ಮಾಡಿ, ಮೇಲೆ ಮನೆಮಾತಿನ ದನಿ ಅಥವಾ ಕನ್ನಡ ಲಿಪಿಯಲ್ಲಿ ಬರೆದ ಮನೆಮಾತು, ಕೆಳಗೆ ಜೋಡಿಯ ಗೆಳೆಯರ ಜತೆ ಕೂಡಿ ಬರೆದ ಕನ್ನಡ. ಕಾಗುಣಿತ ಸರಿಯೇ ಎಂದು ಮೇಲಿನ ಭಾಗವನ್ನು ತಿದ್ದಬಾರದು.

ಯಂತ್ರಾನುವಾದ ಎಲ್ಲರಿಗೂ ಸಿಗುವುದಿಲ್ಲ. ಗೂಗಲ್ ಟ್ರಾನ್ಸ್‌ಲೇಟ್‌ಗೆ ಅಸ್ಸಾಮಿ 2022ರಲ್ಲಿ, ತುಳು 2024ರಲ್ಲಿ ಸೇರಿದವು. ಅಸ್ಸಾಂನಿಂದ ಬಂದ ಪೋಷಕರಿಗೆ ಎರಡು ಸಾಲಿನ ಸೂಚನೆ ಕಳಿಸಲು ಅದು ಸಾಕು, ಪಾಠಕ್ಕೆ ಸಾಲದು. ಯರವ, ಜೇನುಕುರುಬ, ಅರೆಭಾಷೆಯ ಮಕ್ಕಳಿಗೆ ಆ ಆಸರೆಯೂ ಇಲ್ಲ. ಅಲ್ಲಿ ಕನ್ನಡ ಬಲ್ಲ ಅದೇ ಭಾಷೆಯ ಹಿರಿಯ ವಿದ್ಯಾರ್ಥಿಯೇ ಸೇತುವೆ. ಬುಡಕಟ್ಟು ಮಕ್ಕಳ ವಸತಿ ಶಾಲೆಗಳಾದ ಆಶ್ರಮ ಶಾಲೆಗಳಲ್ಲಿ ಇಂಥ ಅಕ್ಕ ಅಣ್ಣಂದಿರು ಸಿಗುತ್ತಾರೆ. ಅವರ ನೆರವನ್ನು ಬಿಡುವಿನ ಹೊತ್ತಿನ ಉಪಕಾರ ಎಂದುಕೊಳ್ಳದೆ ವೇಳಾಪಟ್ಟಿಯಲ್ಲೇ ಸೇರಿಸಬೇಕು.

ನೆಟ್ ಇಲ್ಲದ ದಿನ

ಕೊರೊನಾ ಕಾಲದಲ್ಲಿ, 2020ರಲ್ಲಿ, ರಾಜ್ಯ ತಂದ ವಿದ್ಯಾಗಮ ಎಂಬ ಕಲಿಕಾ ಕಾರ್ಯಕ್ರಮ ಮಕ್ಕಳನ್ನು ಮನೆಯಲ್ಲಿರುವ ತಂತ್ರಜ್ಞಾನದ ಮೇಲೆ ಮೂರು ಗುಂಪಾಗಿ ವಿಂಗಡಿಸಿತ್ತು: ಇಂಟರ್‌ನೆಟ್ ಇರುವ ಫೋನ್ ಉಳ್ಳವರು, ಇಂಟರ್‌ನೆಟ್ ಇಲ್ಲದ ಫೋನ್ ಉಳ್ಳವರು, ಏನೂ ಇಲ್ಲದವರು. ಆ ವಿಂಗಡಣೆ ಇವತ್ತಿಗೂ ಉಪಯುಕ್ತ. ಕೊಡಗಿನಲ್ಲಿ ಒಂದೇ ಮಗು ಜೂನ್‌ನಲ್ಲಿ ಮೂರನೇ ಗುಂಪಿನಲ್ಲಿದ್ದು ಡಿಸೆಂಬರ್‌ನಲ್ಲಿ ಮೊದಲನೆಯದರಲ್ಲಿರಬಹುದು. ಮರ ಬಿದ್ದು ಕರೆಂಟ್ ಹೋದರೆ ದಿನಗಟ್ಟಲೆ ಬರುವುದಿಲ್ಲ, ಟವರಿನ ಬ್ಯಾಟರಿ ಮುಗಿದರೆ ಫೋನೂ ಸತ್ತಂತೆ.

ಡಾಕ್ಸ್, ಶೀಟ್ಸ್, ಸ್ಲೈಡ್ಸ್ ಮೂರೂ ನೆಟ್ ಇಲ್ಲದೆ ಕೆಲಸ ಮಾಡುತ್ತವೆ, ಆದರೆ ನೆಟ್ ಇರುವಾಗಲೇ ಅದಕ್ಕೆ ಸಿದ್ಧತೆ ಆಗಿರಬೇಕು. ಫೋನಿನ ಆ್ಯಪ್‌ನಲ್ಲಿ ಆ ಕಡತದ ಪಕ್ಕದ ಮೂರು ಚುಕ್ಕೆ ಒತ್ತಿ ಆಫ್‌ಲೈನ್‌ಗೆ ಇಟ್ಟುಕೊಳ್ಳಬೇಕು. ಕಂಪ್ಯೂಟರಿನಲ್ಲಿ ಕ್ರೋಮ್ ಅಥವಾ ಎಡ್ಜ್‌ನಿಂದ ಡ್ರೈವ್‌ನ ಸೆಟ್ಟಿಂಗ್ಸ್‌ನಲ್ಲಿ ಆಫ್‌ಲೈನ್ ಆನ್ ಮಾಡಬೇಕು. ಇಬ್ಬರು ಆಫ್‌ಲೈನ್‌ನಲ್ಲಿ ಒಂದೇ ಪ್ಯಾರಾ ತಿದ್ದಿದ್ದರೆ ನೆಟ್ ಬಂದಾಗ ಎರಡೂ ಕಲೆಸಿ ಓದಲಾಗದಂತಾಗುತ್ತದೆ. ಪ್ರತಿ ಮಗುವಿಗೆ ತನ್ನ ಜಾಗ ಕೊಡುವ ಕ್ರಮ ಇಲ್ಲಿಯೂ ಕಾಪಾಡುತ್ತದೆ.

ಶಾಲೆಯೊಳಗೆ ನೆಟ್ಟೇ ಬೇಡದ ಇನ್ನೊಂದು ದಾರಿಯಿದೆ. ಈಥರ್‌ಪ್ಯಾಡ್ ಎಂಬ ಮುಕ್ತ ತಂತ್ರಾಂಶವನ್ನು ಒಂದು ಲ್ಯಾಪ್‌ಟಾಪ್‌ಗೆ ಹಾಕಿ, ಸಾಮಾನ್ಯ ವೈಫೈ ರೂಟರ್‌ಗೆ ಅದನ್ನು ಜೋಡಿಸಿ, ಉಳಿದ ಉಪಕರಣಗಳ ಬ್ರೌಸರ್‌ನಲ್ಲಿ ಆ ಲ್ಯಾಪ್‌ಟಾಪಿನ ಐಪಿ ವಿಳಾಸ (ಜಾಲದಲ್ಲಿ ಅದರ ಗುರುತಿನ ಸಂಖ್ಯೆ) ಮತ್ತು 9001 ಎಂಬ ಪೋರ್ಟ್ ಸಂಖ್ಯೆ ಕೊಟ್ಟರೆ ಎಲ್ಲರೂ ಒಂದೇ ಹಾಳೆಯಲ್ಲಿ ಬರೆಯಬಹುದು. ಲಾಗಿನ್ ಬೇಡ, ಒಬ್ಬೊಬ್ಬರದು ಒಂದೊಂದು ಬಣ್ಣ. ಪಠ್ಯಕ್ಕೆ ಇದು ಒಳ್ಳೆಯದು, ಫೋಟೊ ಹಾಕಲು ಬೇರೆ ಜೋಡಣೆ ಬೇಕು. ಮೊಬೈಲಿನ ಕನ್ನಡ ಕೀಲಿಮಣೆ ಅದರಲ್ಲಿ ಸರಿಯಾಗಿ ನಡೆಯುತ್ತದೆಯೇ ಎಂದು ಮೊದಲೇ ಪರೀಕ್ಷಿಸಿಕೊಳ್ಳಬೇಕು. ಹಾಟ್‌ಸ್ಪಾಟ್‌ಗಿಂತ ರೂಟರೇ ಮೇಲು, ವಿಂಡೋಸ್ ಹಾಟ್‌ಸ್ಪಾಟ್ ಎಂಟು ಉಪಕರಣಕ್ಕೆ ನಿಂತುಬಿಡುತ್ತದೆ. ಇಂಟರ್‌ನೆಟ್ ಇಲ್ಲದ ವೈಫೈಯನ್ನು ಕಂಡ ಆಂಡ್ರಾಯ್ಡ್ ಫೋನ್ ತಾನಾಗಿಯೇ ಮೊಬೈಲ್ ಡೇಟಾಕ್ಕೆ ಜಾರುತ್ತದೆ, ಹಾಳೆ ತೆರೆಯುವುದಿಲ್ಲ, ಎಲ್ಲರೂ ಲ್ಯಾಪ್‌ಟಾಪ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಆ ಹೊತ್ತಿಗೆ ಮೊಬೈಲ್ ಡೇಟಾ ಆಫ್ ಮಾಡಿದರೆ ಮುಗಿಯಿತು.

ಮನೆಯ ಕಡೆಗೆ ವಾಟ್ಸ್ಆ್ಯಪ್ ಬಿಟ್ಟು ಬೇರೆ ಸಾಧನ ತಲುಪುವುದು ಕಷ್ಟ. ಅದು ಅಂಚೆ ಡಬ್ಬದಂತೆ ಇರಲಿ. ಮಗು ದನಿ ಅಥವಾ ಫೋಟೊ ಕಳಿಸುತ್ತದೆ, ಶಿಕ್ಷಕರೋ ಆ ವಾರದ ಪಾಳಿಯ ವಿದ್ಯಾರ್ಥಿಯೋ ಅದನ್ನು ಹಾಳೆಯ ಸರಿಯಾದ ಜಾಗಕ್ಕೆ ಸೇರಿಸುತ್ತಾರೆ. ಗುಂಪಿನಲ್ಲೇ ಪಾಠ ನಡೆಸಿದರೆ ಶುಭೋದಯದ ಚಿತ್ರಗಳ ನಡುವೆ ಉತ್ತರ ಕಳೆದುಹೋಗುತ್ತದೆ. ಒಂದು ನಿಮಿಷದ ವಾಟ್ಸ್ಆ್ಯಪ್ ದನಿ ಒಂದೆರಡು ನೂರು ಕೆಬಿಯೊಳಗೆ ಮುಗಿಯುತ್ತದೆ, ವಿಡಿಯೊ ಅದರ ಹತ್ತಾರು ಪಟ್ಟು. ಲೈನ್ ಮನೆಯ ಒಂದೇ ಫೋನ್ ಅಪ್ಪನ ಜೇಬಿನಲ್ಲಿ ಸಂಜೆ ಮನೆಗೆ ಬರುತ್ತದೆ ಎಂಬುದನ್ನು ನೆನಪಿಟ್ಟುಕೊಂಡು ಗಡುವು ಕೊಡಬೇಕು. ‘ಇವತ್ತು ಐದು ಗಂಟೆಯೊಳಗೆ’ ಎಂಬ ಗಡುವು ಆ ಮಗುವನ್ನು ಹೊರಗಿಟ್ಟಂತೆ, ಮೂರು ದಿನ ಕೊಡಿ.

ಖಾತೆ, ಅನುಮತಿ, ಸಮಯ

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ಮಗುವಿನ ಪೂರ್ಣ ಹೆಸರು, ಮುಖದ ಫೋಟೊ, ಹಾಡಿಯ ಹೆಸರು ಮೂರೂ ಒಟ್ಟಿಗೆ ಹಾಳೆಯಲ್ಲಿ ಇರಬಾರದು, ಕ್ರಮಸಂಖ್ಯೆ ಸಾಕು. ‘ಲಿಂಕ್ ಇದ್ದವರೆಲ್ಲ ತಿದ್ದಬಹುದು’ ಎಂಬ ಆಯ್ಕೆ ಪಾಠದ ಹೊತ್ತಿಗಷ್ಟೇ ತೆರೆದಿರಲಿ, ಮುಗಿದ ಕೂಡಲೇ ‘ನೋಡಬಹುದು’ಗೆ ಇಳಿಸಿ. ಪಾಠಕ್ಕೆ ಮುಂಚೆ ವರ್ಷನ್ ಹಿಸ್ಟರಿಯಲ್ಲಿ (ಹಾಳೆಯ ಹಳೆಯ ರೂಪಗಳ ಪಟ್ಟಿಯಲ್ಲಿ) ಆ ದಿನದ ಹೆಸರಿಟ್ಟು ಉಳಿಸಿದರೆ ಯಾರು ಏನು ಅಳಿಸಿದರೂ ಎರಡು ಕ್ಲಿಕ್‌ನಲ್ಲಿ ಹಿಂದಕ್ಕೆ ಹೋಗಬಹುದು.

ಸಾಧನಗಳು ಶಾಶ್ವತವಲ್ಲ ಎಂಬುದೂ ತಲೆಯಲ್ಲಿರಲಿ. ಬಹಳ ಶಿಕ್ಷಕರು ನೆಚ್ಚಿಕೊಂಡಿದ್ದ ಗೂಗಲ್ ಜಾಮ್‌ಬೋರ್ಡ್ 2024ರ ಕೊನೆಗೆ ಮುಚ್ಚಿತು, ಮೈಕ್ರೋಸಾಫ್ಟ್‌ನ ಫ್ಲಿಪ್ ಆ್ಯಪ್ ಕೂಡ ಅದೇ ವರ್ಷ ನಿಂತಿತು. ಪ್ಯಾಡ್ಲೆಟ್‌ನ ಉಚಿತ ಖಾತೆಯಲ್ಲಿ ಕೆಲವೇ ಬೋರ್ಡುಗಳಿಗೆ ಜಾಗ. ಹೊಸ ಹೊಸ ಆ್ಯಪ್‌ಗಳ ಬೆನ್ನು ಹತ್ತುವ ಬದಲು ವರ್ಷಕ್ಕೆ ಒಂದು ಸಾಧನ ಹಿಡಿದು, ತಿಂಗಳಿಗೊಮ್ಮೆ ಕಡತಗಳನ್ನು ಪೆನ್‌ಡ್ರೈವ್‌ಗೆ ಇಳಿಸಿಡುವುದು ವಿವೇಕ.

ಶಿಕ್ಷಕರ ಸಮಯದ ಲೆಕ್ಕವನ್ನು ಯಾರೂ ಹಾಕುವುದಿಲ್ಲ. ಒಂದು ಮಗುವಿನ ಕೆಲಸ ಓದಿ ಅಥವಾ ಕೇಳಿ, ಒಂದು ಮೆಚ್ಚುಗೆ ಮತ್ತು ಒಂದು ಪ್ರಶ್ನೆ ಬರೆಯಲು ಮೂರು ನಿಮಿಷ ಹಿಡಿದರೆ ಮೂವತ್ತು ಮಕ್ಕಳಿಗೆ ಒಂದೂವರೆ ಗಂಟೆ. ಬಿಸಿಯೂಟ, ಎಸ್‌ಎಟಿಎಸ್ (ರಾಜ್ಯದ ವಿದ್ಯಾರ್ಥಿ ಮಾಹಿತಿ ವ್ಯವಸ್ಥೆ) ದಾಖಲೆ, ಸಮೀಕ್ಷೆಗಳ ನಡುವೆ ಇದು ಪ್ರತಿ ವಾರ ಆಗದ ಮಾತು. ವಾರಕ್ಕೆ ಹತ್ತು ಮಕ್ಕಳಂತೆ ಸರದಿ ಹಾಕಿ, ಉಳಿದ ಇಪ್ಪತ್ತು ಜನರಿಗೆ ಜೋಡಿಯ ಗೆಳೆಯರೇ ಪ್ರಶ್ನೆ ಕೇಳಲಿ. ಈ ಕೆಲಸವನ್ನು ವೇಳಾಪಟ್ಟಿಯ ಒಂದು ಅವಧಿಯಾಗಿ ಮುಖ್ಯ ಶಿಕ್ಷಕರು ಒಪ್ಪದಿದ್ದರೆ ಎರಡನೇ ತಿಂಗಳಿಗೇ ಹಾಳೆ ಪಾಳು ಬೀಳುತ್ತದೆ.

ಸಿದ್ಧತೆ ನಡೆಯಬೇಕಾದದ್ದು ಶಾಲೆ ತೆರೆಯುವ ಮೊದಲ ವಾರ, ಮಳೆ ಹಿಡಿಯುವ ಮುನ್ನ. ಹಳೆಯ ಟಿಪ್ಪಣಿಗಳು ಯುನಿಕೋಡ್‌ಗೆ ಬದಲಾಗಿರಬೇಕು, ಪ್ರತಿ ಮಗುವಿನ ಜಾಗವಿರುವ ಹಾಳೆ ಆಫ್‌ಲೈನ್‌ಗೆ ಇಳಿದಿರಬೇಕು, ಪೋಷಕರ ಒಪ್ಪಿಗೆ ಸಹಿ ಅವರ ಭಾಷೆಯಲ್ಲಿ ವಿವರಿಸಿ ಪಡೆದಿರಬೇಕು. ರೂಟರ್‌ಗೆ 12 ವೋಲ್ಟಿನ ಚಿಕ್ಕ ಯುಪಿಎಸ್ ಇದ್ದರೆ ಕರೆಂಟ್ ಹೋದಾಗ ಎರಡು ಮೂರು ಗಂಟೆ ನಡೆಯುತ್ತದೆ. ಗುಡುಗು ಸಿಡಿಲಿನ ಸಂಜೆ ಪ್ಲಗ್ ಕಿತ್ತಿಡುವ ಹೊಣೆ ಒಬ್ಬರಿಗಿರಲಿ. ಬೀರುವಿನಲ್ಲಿ ಬೀಗ ಹಾಕಿಟ್ಟ ಲ್ಯಾಪ್‌ಟಾಪ್‌ಗಳಿಗೆ ಆಷಾಢದ ಥಂಡಿಯಲ್ಲಿ ಬೂಷ್ಟು ಹಿಡಿಯುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಮಳೆ ರಜೆ ಎಷ್ಟೇ ಇರಲಿ, ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಆನ್ ಮಾಡಿಡಬೇಕು.